ವಿಜೇತಕ್ಕನ ಹೂ

ಬಂಟ್ವಾಳ ಪೇಟೆಯ ನಡುವೆ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಅರ್ಧ ಎಕರೆಯಲ್ಲಿ ಊರಿನದೇ ಗಿಡಮರಗಳ ಕಾಡನ್ನು ಮತ್ತೆ ಎಬ್ಬಿಸುವುದು ವಿಜೇತಾಳ ಸಂಶೋಧನೆ. ಮೂರು ವರ್ಷ ಕಷ್ಟಪಟ್ಟು ಬೆಳೆಸಿದ ಕುಂಟಾಲ, ಕೇಪಳದ ಸಸಿಗಳನ್ನೆಲ್ಲ ಈ ಮಳೆಗಾಲ ಹಳದಿ ಹೂವಿನ ಪರದೇಶಿ ಬಳ್ಳಿಯೊಂದು ಮುಚ್ಚಿ ಹಾಕಿತ್ತು. ಅದರ ಮೂಲ ಹುಡುಕುತ್ತ ಅವಳು ಆ ಜಾಗಕ್ಕೆ ನೀರು ಹರಿದು ಬರುವ ತೋಡಿನ ಬದಿಯಲ್ಲಿ ಮೇಲಕ್ಕೆ ನಡೆದಳು. ಬಳ್ಳಿ ನೇರ ಸೇಸಮ್ಮನ ಅಂಗಳಕ್ಕೆ ಹೋಗಿ ಮುಟ್ಟಿತು.

ಸೇಸಮ್ಮ ವಿಜೇತಾಳ ಕಾಡಿನ ಜಾಗದಲ್ಲೇ ಕಳೆ ಕೀಳುವ ಕೆಲಸದವಳು.

"ಇದೊಂದನ್ನು ಯಾಕೆ ಕೀಳದೆ ಬಿಟ್ಟದ್ದು ಸೇಸಮ್ಮಕ್ಕ?"

"ಅಯ್ಯೋ, ನೀವು ಕೊಟ್ಟ ಹೂ ಅಲ್ವಾ ವಿಜೇತಕ್ಕ? ನಿಮ್ಮ ಕೈಯ ಗಿಡ ಕೀಳ್ಲಿಕ್ಕೆ ಮನಸ್ಸು ಬರ್ಲಿಲ್ಲ."

ವಿಜೇತಾಳಿಗೆ ಆಗಲೇ ನೆನಪಾದದ್ದು. ಎಂಟು ವರ್ಷದ ಹಿಂದೆ, ಮೂಡುಬಿದಿರೆಯಲ್ಲಿ ಓದುವಾಗ, ಗಿಡ ಎಣಿಸಲು ಬಂದವಳು ಈ ಜಗಲಿಯಲ್ಲಿ ಗಂಜಿ ಉಂಡಿದ್ದಳು. ಉಂಡ ಮನೆಗೆಂದು ಹಾಸ್ಟೆಲ್ ತೋಟದಿಂದ ಒಂದು ತುಂಡು ಬಳ್ಳಿ ತಂದುಕೊಟ್ಟಿದ್ದಳು. ಗಿಡದ ಶಾಸ್ತ್ರ ಓದುವವಳಿಗೆ ಅಷ್ಟೂ ಬುದ್ಧಿ ಬೇಡವೇ! ಬಂದವರನ್ನು ಬರಿಗೈಯಲ್ಲಿ ಕಳಿಸದ ಸೇಸಮ್ಮ ಊರಿಗೆಲ್ಲ ಅದನ್ನೇ ಹಂಚಿದ್ದಳು.

ಕಾಡಿನ ಕೆಲಸ ನೋಡಿಕೊಳ್ಳುವ ಸಮಿತಿಗೆ ವಿಜೇತಾ ಕೊಟ್ಟ, ಬಳ್ಳಿ ಹಬ್ಬಿದ ದಾರಿಯ ನಕ್ಷೆಯಲ್ಲಿ ಸೇಸಮ್ಮನ ಮನೆಗೆ ಕೆಂಪು ಗುರುತಿತ್ತು. ಬಳ್ಳಿ ಕೊಟ್ಟವರ ಹೆಸರು ಮಾತ್ರ ಇರಲಿಲ್ಲ. ಬರೆಯಲು ಕೈ ಬಂದಿರಲಿಲ್ಲ.

ಮರುದಿನ ಸಮಿತಿಯ ಅಧ್ಯಕ್ಷ ಧನರಾಜ್ ಸೇಸಮ್ಮನನ್ನು ಎಲ್ಲರೆದುರು ನಿಲ್ಲಿಸಿದ. "ನಿನ್ನ ಮನೆಯಿಂದಲೇ ಬಂದದ್ದಂತೆ. ಎಲ್ಲಿಂದ ತಂದದ್ದು ಮಾರಾಯ್ತಿ?"

ಸೇಸಮ್ಮ ವಿಜೇತಾಳ ಮುಖ ನೋಡಿದಳು. ವಿಜೇತಾ ಧನರಾಜನ ಕೈಯಲ್ಲಿದ್ದ ನಕ್ಷೆಯತ್ತ ಕಣ್ಣು ತಿರುಗಿಸಿದಳು.

"ನಾನೇ ತಂದದ್ದು. ಸಂತೆಯಿಂದ," ಎಂದಳು ಸೇಸಮ್ಮ.

"ಹಾಗಾದ್ರೆ ನಾಳೆಯಿಂದ ಬರುದು ಬೇಡ."

ಅವಳು ಕತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಗೇಟು ದಾಟಿದಾಗ ವಿಜೇತಾಳಿಗೆ ತಡೆಯಲಾಗಲಿಲ್ಲ.

"ಸುಳ್ಳು! ಅದನ್ನು ಕೊಟ್ಟದ್ದು ನಾನು. ತಪ್ಪು ನನ್ನದು."

ಧನರಾಜ್ ನಕ್ಕ. "ಬಿಡಿ ಮೇಡಂ. ಅವಳ ಕೆಲಸ ಉಳಿಸ್ಲಿಕ್ಕೆ ಹೇಳ್ತಾ ಇದ್ದೀರಿ, ನಮಗೆ ಗೊತ್ತಾಗುದಿಲ್ವಾ? ಇಷ್ಟು ಓದಿದವರು ಅಂಥದ್ದು ಮಾಡ್ಲಿಕ್ಕುಂಟಾ?"

ಉಳಿದವರೂ ಹೌದೌದೆಂದರು. "ಎಂಥ ದೊಡ್ಡ ಮನಸ್ಸು ಮೇಡಂ ನಿಮ್ಮದು," ಎಂದು ಒಬ್ಬರು ಕೈಯನ್ನೂ ಮುಗಿದರು.