ನಡುಕ ನಿಲ್ಲಿಸಿದ ಮಾತ್ರೆ

ವೇಣೂರಿನ ಕೃಷ್ಣಕುಮಾರ ಭಟ್ಟರ ಬಲಗೈ ಮೊದಲ ಸಲ ನಡುಗಿದ್ದು ಹೋಳಿಗೆ ಲಟ್ಟಿಸುವಾಗ. ಮೂಡುಬಿದಿರೆಯಲ್ಲಿ ಒಂದು ಉಪನಯನದ ಅಡುಗೆ. ಜತೆಯವರು ನೋಡಿಯೂ ನೋಡದ ಹಾಗೆ ಇದ್ದರು. ಭಟ್ಟರು ಲಟ್ಟಣಿಗೆಯನ್ನು ಪಕ್ಕದಲ್ಲಿದ್ದ ವಿಸ್ಮಿತಾಳಿಗೆ ಕೊಟ್ಟು, "ನೀನು ಲಟ್ಟಿಸು ಮಾರಾಯ್ತಿ, ನನಗೆ ಸಾರು ನೋಡ್ಲಿಕ್ಕೆ ಉಂಟು" ಎಂದು ಒಲೆಯ ಕಡೆಗೆ ಹೋದರು.

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅವರ ಅಡುಗೆ ಎಂದರೆ ಜನ ಒಂದು ತುತ್ತು ಹೆಚ್ಚೇ ಉಣ್ಣುತ್ತಿದ್ದರು. ವಿಸ್ಮಿತಾ ಅವರ ತಂಡದಲ್ಲಿ ತರಕಾರಿ ಹೆಚ್ಚುವುದರಿಂದ ಹಿಡಿದು ಬಡಿಸುವವರೆಗೆ ಎಲ್ಲಕ್ಕೂ ಕೈಹಾಕುತ್ತಿದ್ದಳು. ಪಾತ್ರೆಪಗಡಿ ಸಾಗಿಸುವ ಟೆಂಪೋ ಅವಳ ಗಂಡ ಚಿದಾನಂದನದು. ಲಾಯಿಲದಲ್ಲಿ ಅವರ ಮನೆ. ಭಟ್ಟರನ್ನು ಇಬ್ಬರೂ ಅಣ್ಣ ಎಂದೇ ಕರೆಯುತ್ತಿದ್ದರು.

ಕೈ ನಡುಗುವುದು ಹೆಚ್ಚಾಯಿತು. ಸೌಟು ಎತ್ತಿದರೆ ಸಾಂಬಾರು ಪಾತ್ರೆಯ ಹೊರಗೆ ಬೀಳುತ್ತಿತ್ತು. ಸಂಜೆ ಕುಳಿತರೆ ಕಾಲಿನೊಳಗೆ ಏನೋ ಹರಿದಾಡಿದ ಹಾಗಾಗಿ, ಎದ್ದು ಜಗಲಿಯಲ್ಲಿ ಅತ್ತಿಂದಿತ್ತ ನಡೆಯದೆ ಇರಲಾಗುತ್ತಿರಲಿಲ್ಲ. ಹೆಂಡತಿ ಶುಭಶ್ರೀ ಹಟ ಹಿಡಿದು ಅವರನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಆಸ್ಪತ್ರೆಗೆ ವಾರಕ್ಕೊಮ್ಮೆ ಮಂಗಳೂರಿನಿಂದ ನರರೋಗದ ಡಾಕ್ಟರು ಬರುತ್ತಿದ್ದರು. ಅವರು ಭಟ್ಟರನ್ನು ನಡೆಸಿ, ಬೆರಳು ಮಡಚಿಸಿ, ಬಿಡಿಸಿ ನೋಡಿ ಪಾರ್ಕಿನ್ಸನ್ ಎಂದರು. ಎರಡು ತರದ ಮಾತ್ರೆ ಬರೆದರು.

"ಈ ಸಣ್ಣ ಮಾತ್ರೆ ನಿಮ್ಮ ಕೈಗೂ ಆಗ್ತದೆ, ಕಾಲಿನ ಚಡಪಡಿಕೆಗೂ ಆಗ್ತದೆ. ಆದರೆ ಸ್ವಲ್ಪ ಜಾಗ್ರತೆ ಬೇಕು. ಕೂತಲ್ಲಿಂದ ದಡಕ್ಕನೆ ಏಳಬೇಡಿ, ತಲೆ ತಿರುಗ್ತದೆ. ಹಗಲಲ್ಲೇ ಇದ್ದಕ್ಕಿದ್ದ ಹಾಗೆ ನಿದ್ದೆ ಬರಬಹುದು, ಸ್ಕೂಟರ್ ಓಡಿಸಬೇಡಿ. ನನ್ನನ್ನು ಕೇಳದೆ ಹೆಚ್ಚು ಮಾಡಬೇಡಿ, ನಿಲ್ಲಿಸಲೂಬೇಡಿ. ಮತ್ತೆ ಇನ್ನೊಂದು. ಕೆಲವರಿಗೆ ಆಸೆಗಳು ಕೈಮೀರ್ತವೆ. ಜುಗಾರಿ, ತಿನ್ನುವುದು, ಹೆಂಗಸರ ವಿಷಯ. ಹಾಗೇನಾದರೂ ಕಂಡರೆ ನಾಚಿಕೆ ಮಾಡದೆ ಹೇಳಬೇಕು."

"ಈ ಪ್ರಾಯದಲ್ಲಾ ಡಾಕ್ಟ್ರೇ?" ಎಂದು ಭಟ್ಟರು ನಕ್ಕರು. ಡಾಕ್ಟರೂ ನಕ್ಕರು. ಶುಭಶ್ರೀ ನೆಲ ನೋಡಿದಳು. ಮಾತು ಅಲ್ಲಿಗೇ ನಿಂತಿತು.

ಮಾತ್ರೆ ನಿಜಕ್ಕೂ ಹಿಡಿಯಿತು. ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದ ಹಾಗೆ ಕಾಲು ಸುಮ್ಮನಾಯಿತು, ಕೈ ಹತೋಟಿಗೆ ಬಂತು. ಒಂದು ಬೆಳಿಗ್ಗೆ ಭಟ್ಟರು ಶುಭಶ್ರೀಯನ್ನು ಅಡುಗೆಮನೆಗೆ ಕರೆದು, ಕಾಗದದ ಹಾಗೆ ತೆಳ್ಳಗೆ ಲಟ್ಟಿಸಿದ ಹೋಳಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಅವಳೂ ಅತ್ತಳು.

ಅದು ಅವರಿಬ್ಬರೂ ಜತೆಯಾಗಿ ಪಟ್ಟ ಕೊನೆಯ ಸಂತೋಷ.

ಮಳೆಗಾಲ ಮುಗಿಯುವ ಹೊತ್ತಿಗೆ ಭಟ್ಟರು ಬೇರೆಯಾಗಿದ್ದರು. ಹಗಲು ರಾತ್ರಿ ಎನ್ನದೆ ಅವಳ ಹಿಂದೆ ಬರುತ್ತಿದ್ದರು. ಪಾತ್ರೆ ತೊಳೆಯುತ್ತಿದ್ದರೆ ಅಲ್ಲಿಗೆ, ಬಟ್ಟೆ ಒಣಗಿಸಲು ತಾರಸಿಗೆ ಹತ್ತಿದರೆ ಅಲ್ಲಿಗೆ. ಬೇಡ ಎಂದರೆ ಸಿಟ್ಟು. ಸಿಟ್ಟು ಇಳಿದರೆ ಅಂಗಲಾಚುವುದು. ಆಮೇಲೆ ಪುನಃ ಅದೇ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳ ಮನಸ್ಸಿಗೆ ವಿರುದ್ಧವಾಗಿ ಹತ್ತಿರ ಬರದಿದ್ದ ಮನುಷ್ಯ. ಮೊಬೈಲಿನಲ್ಲಿ ಏನೇನೋ ನೋಡುತ್ತಿದ್ದರು. ಅವಳು ಕೋಣೆಗೆ ಬಂದರೆ ಮಗುಚಿ ಇಡುವ ಸಂಕೋಚವೂ ಹೊರಟುಹೋಗಿತ್ತು. ಶುಭಶ್ರೀ ಬಚ್ಚಲಿಗೆ ಹೋದರೆ ಚಿಲಕವನ್ನು ಎರಡು ಸಲ ಎಳೆದು ನೋಡುವುದನ್ನು ಕಲಿತಳು.

ಮಗಳು ದೀಕ್ಷಾ ಮೂಡುಬಿದಿರೆಯಲ್ಲಿ ಟೀಚರ್. ವಾರಕ್ಕೊಮ್ಮೆ ಫೋನು ಮಾಡುವಳು.

"ಅಪ್ಪ ಹೇಗಿದ್ದಾರೆ ಅಮ್ಮ?"

"ಕೈ ನಡುಗುವುದೇ ಇಲ್ಲ ಮಗಾ."

ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರುತ್ತಿರಲಿಲ್ಲ. ಹೆತ್ತ ಮಗಳ ಎದುರು ಅವಳ ಅಪ್ಪನ ಬಗ್ಗೆ ಯಾವ ಶಬ್ದದಲ್ಲಿ ಹೇಳುವುದು?

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅವರು ಅವಸರದಲ್ಲಿದ್ದರು. ಹೊರಗೆ ಬೆಂಚಿನ ತುಂಬ ಜನ. "ತೊಂದರೆ ಏನೂ ಇಲ್ಲವಲ್ಲ?" ಎಂದು ಕೇಳಿದರು. "ಏನಿಲ್ಲ" ಎಂದರು ಭಟ್ಟರು. ಡಾಕ್ಟರು ಶುಭಶ್ರೀಯ ಮುಖ ನೋಡಿದರು. ಗಂಡನ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು. ಅವಳು ಇಲ್ಲ ಎಂದು ತಲೆಯಾಡಿಸಿದಳು.

ಅವಳಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಡಾಕ್ಟರು ಬರೆದ ಚೀಟಿಯನ್ನೇ ಬೆಳ್ತಂಗಡಿಯ ಬೇರೊಂದು ಔಷಧಿ ಅಂಗಡಿಯಲ್ಲೂ ತೋರಿಸಿ ಭಟ್ಟರು ಆ ಸಣ್ಣ ಮಾತ್ರೆಯನ್ನು ಹೆಚ್ಚು ತರುತ್ತಿದ್ದರು. ದೊಡ್ಡ ಅಡುಗೆ ಇದ್ದ ದಿನ ಒಂದು ಹೆಚ್ಚು. ಮತ್ತೆ ಅಡುಗೆ ಇಲ್ಲದ ದಿನವೂ ಒಂದು ಹೆಚ್ಚು. ಕೈ ನಡುಗದೆ ನಿಂತರೆ ಸಾಕು ಎಂದೇ ಅವರು ಮೊದಲು ತೆಗೆದುಕೊಂಡದ್ದು.

ಬಂಟ್ವಾಳದ ಒಂದು ಸಭಾಭವನದಲ್ಲಿ ಮದುವೆಯ ಅಡುಗೆ ಇತ್ತು. ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿನಲ್ಲಿ ವಿಸ್ಮಿತಾ ಉಪ್ಪಿನಕಾಯಿಯ ಭರಣಿ ತರಲು ಉಗ್ರಾಣಕ್ಕೆ ಹೋದಳು. ಭಟ್ಟರು ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿದರು. ಅವಳು "ಏನಣ್ಣ?" ಎಂದು ಕೇಳಿದಳು. ಅಣ್ಣ ಅವಳ ಕೈ ಹಿಡಿದರು. ಕೊಸರಿದಾಗ ಗೋಡೆಗೆ ಒತ್ತಿದರು. ಭರಣಿ ಬಿದ್ದು ಒಡೆದ ಸದ್ದಿಗೂ ಅವಳ ಕೂಗಿಗೂ ಚಿದಾನಂದ ಓಡಿ ಬಂದ.

ಅವನು ಭಟ್ಟರನ್ನು ಎಳೆದು ಕೆಡವಿ ಹೊಡೆದ. ಬಿಡಿಸಲು ಬಂದವರಿಗೆ ಅವನನ್ನು ಹಿಡಿಯುವುದೇ ಕಷ್ಟವಾಯಿತು. ಅಷ್ಟರಲ್ಲಿ ಮದುವೆಮನೆಯ ಯಜಮಾನರು ಕೈಮುಗಿದುಕೊಂಡು ಬಂದರು. "ದಮ್ಮಯ್ಯ, ಊಟ ಒಂದು ಮುಗಿಯಲಿ. ಗಂಡಿನ ಕಡೆಯವರು ಕೂತಿದ್ದಾರೆ. ಈಗ ಗಲಾಟೆ ಬೇಡ."

ಹಾಗೆ ಊಟ ನಡೆಯಿತು. ಉಳಿದವರು ಬಡಿಸಿದರು. ವಿಸ್ಮಿತಾ ಕವುಚಿ ಹಾಕಿದ ಒಂದು ಪಾತ್ರೆಯ ಮೇಲೆ ಕುಳಿತಿದ್ದಳು. ಉಪ್ಪಿನಕಾಯಿಯ ಖಾರ ಅವಳ ಸೀರೆಯ ನೆರಿಗೆಗೆಲ್ಲ ಮೆತ್ತಿತ್ತು. ಎರಡನೆಯ ಪಂಕ್ತಿ ಏಳುವವರೆಗೂ ಅವಳ ಹತ್ತಿರ ಯಾರೂ ಒಂದು ಮಾತಾಡಲಿಲ್ಲ.

ಸಂಜೆ ಚಿದಾನಂದನ ಟೆಂಪೋ ವೇಣೂರಿನ ಮನೆಯ ಮುಂದೆ ನಿಂತಿತು. ಭಟ್ಟರ ತುಟಿ ಒಡೆದಿತ್ತು.

"ಏನಾಯ್ತು? ಬಿದ್ರಾ?" ಶುಭಶ್ರೀ ಅಂಗಳಕ್ಕೆ ಓಡಿ ಬಂದಳು.

"ಬಿದ್ದದ್ದಲ್ಲ, ನಾನು ಹೊಡೆದದ್ದು" ಎಂದ ಚಿದಾನಂದ. ಎಂಜಿನ್ ಆರಿಸಿರಲಿಲ್ಲ. "ಕಾಯಿಲೆಯ ಮನುಷ್ಯನನ್ನು ದಾರಿಯಲ್ಲಿ ಬಿಡ್ಲಿಕ್ಕೆ ಆಗುವುದಿಲ್ಲ, ಅದಕ್ಕೆ ತಂದು ಬಿಟ್ಟೆ. ಇನ್ನು ನಮ್ಮನ್ನು ಕರೀಬೇಡಿ ಅಕ್ಕ. ಪೊಲೀಸಿಗೆ ಹೋಗುವುದಾ ಬೇಡವಾ ಅಂತ ವಿಸ್ಮಿತಾ ಹೇಳಿದ ಹಾಗೆ."

ಅಷ್ಟೇ ಸಾಕಾಯಿತು. ಏನು ನಡೆದಿರಬಹುದು ಎಂದು ಅವಳಿಗೆ ಕೇಳಬೇಕಾಗಿ ಬರಲಿಲ್ಲ.

ಒಳಗೆ ಭಟ್ಟರು ಗೋಡೆಗೆ ಒರಗಿ ಕುಳಿತು ಮಗುವಿನ ಹಾಗೆ ಅತ್ತರು. "ನನಗೆ ಏನಾಯ್ತೂಂತ ನನಗೇ ಗೊತ್ತಿಲ್ಲ. ಅವಳು ತಂಗಿ ಹಾಗೆ. ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲಲಿಲ್ಲ." ಅಂಗಿಯ ಕಿಸೆಯಿಂದ, ಕಪಾಟಿನ ಹಿಂದಿನಿಂದ, ಅಡುಗೆಯ ಚೀಲದಿಂದ ಮಾತ್ರೆಯ ಪಟ್ಟಿಗಳನ್ನು ತೆಗೆತೆಗೆದು ಅವಳೆದುರು ಹಾಕಿದರು. "ಇದೇ. ಇದನ್ನು ತಿಂದ ಮೇಲೆಯೇ ಹೀಗಾದದ್ದು. ಇನ್ನು ಬೇಡ. ಯಾವುದೂ ಬೇಡ." ಎಲ್ಲವನ್ನೂ ಬಾಚಿಕೊಂಡು ಹೋಗಿ ಬಚ್ಚಲೊಲೆಯ ಬೆಂಕಿಗೆ ಹಾಕಿದರು. ಎರಡು ತರದ್ದೂ.

ನಿಲ್ಲಿಸಬೇಡಿ ಎಂದು ಡಾಕ್ಟರು ಹೇಳಿದ್ದು ಶುಭಶ್ರೀಗೆ ನೆನಪಿತ್ತು. ಅವಳು ಬಾಯಿ ಬಿಡಲಿಲ್ಲ. ಉರಿಯಲಿ ಎಂದು ಅನಿಸಿತು. ಮಾತ್ರೆಯೂ ಉರಿಯಲಿ, ಮನುಷ್ಯನೂ ಉರಿಯಲಿ.

ಮಾರನೆಯ ದಿನ ಭಟ್ಟರ ಮೈ ಬಿಗಿಯಲು ಶುರುವಾಯಿತು. ಅದರ ಮರುದಿನ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗಲಿಲ್ಲ. ಕಾಲು ಮಾತ್ರ ತನ್ನಷ್ಟಕ್ಕೆ ಸೆಳೆಯುತ್ತಿತ್ತು. ಆಮೇಲೆ ಜ್ವರ ಬಂತು. ಮುಟ್ಟಿದರೆ ಕೈ ಸುಡುವಂಥ ಜ್ವರ. ಬಾಯಿಗೆ ಹಾಕಿದ ಗಂಜಿ ಕಟವಾಯಿಯಿಂದ ಇಳಿದುಬಂತು. ಕಣ್ಣು ತೆರೆದಿತ್ತು, ಆದರೆ ಅವಳನ್ನು ಗುರುತಿಸಲಿಲ್ಲ. ಆಗ ಅವಳಿಗೆ ಹೆದರಿಕೆ ಹುಟ್ಟಿತು. ದೀಕ್ಷಾ ಕಾರು ತಂದಳು. ಇಬ್ಬರೂ ಸೇರಿ ಮರದ ತೊಲೆಯ ಹಾಗೆ ಸೆಟೆದ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಪ್ರಾಪ್ತಿ ಎಂಬ ಚಿಕ್ಕ ಪ್ರಾಯದ ಡಾಕ್ಟರು ಇದ್ದರು. ಮಾತ್ರೆ ನಿಲ್ಲಿಸಿದ್ದಾರೆ ಎಂದು ತಿಳಿದ ಕೂಡಲೇ ಅವರ ಮುಖ ಬದಲಾಯಿತು. ಭಟ್ಟರನ್ನು ತೀವ್ರ ನಿಗಾದ ವಾರ್ಡಿಗೆ ಸೇರಿಸಿ, ಮಂಗಳೂರಿನ ದೊಡ್ಡ ಡಾಕ್ಟರಿಗೆ ಫೋನು ಮಾಡಿ, ಮೂಗಿನಿಂದ ನಳಿಗೆ ಇಳಿಸಿ ಅದರಲ್ಲೇ ಔಷಧಿ ಕೊಡಿಸಿದರು. ಆಮೇಲೆ ಶುಭಶ್ರೀಯನ್ನು ಮಾತ್ರ ಒಂದು ಕೋಣೆಗೆ ಕರೆದು ಬಾಗಿಲು ಹಾಕಿದರು.

"ಈ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಹೀಗೇ ಆಗ್ತದೆ ಅಮ್ಮ. ಜೀವಕ್ಕೇ ಅಪಾಯ. ಯಾಕೆ ಬಿಟ್ಟರು?"

ಶುಭಶ್ರೀ ಸೆರಗಿನ ತುದಿ ಸುತ್ತುತ್ತ ಕುಳಿತಳು.

"ಅವರ ಸ್ವಭಾವದಲ್ಲಿ ಏನಾದರೂ ವ್ಯತ್ಯಾಸ ಆಗಿತ್ತಾ? ನಿಮ್ಮ ಹತ್ತಿರ ನಡೆದುಕೊಳ್ಳುವುದರಲ್ಲಿ?"

ಆಗ ಅವಳು ಹೇಳಿದಳು. ಬಚ್ಚಲಿನ ಚಿಲಕದ್ದು, ಮೊಬೈಲಿನದ್ದು, ವಿಸ್ಮಿತಾಳದ್ದು, ಅಡಗಿಸಿಟ್ಟಿದ್ದ ಮಾತ್ರೆಗಳದ್ದು. ಡಾಕ್ಟರು ಎಲ್ಲವನ್ನೂ ಬರೆದುಕೊಂಡರು.

"ಇದು ಆ ಸಣ್ಣ ಮಾತ್ರೆಯಿಂದ ಆಗುವಂಥದ್ದು. ಹೇಳಿದ್ದಕ್ಕಿಂತ ಹೆಚ್ಚು ತಗೊಂಡರೆ ಇನ್ನೂ ಹೆಚ್ಚು. ಮೊದಲೇ ಗೊತ್ತಾಗಿದ್ದರೆ ನಿಧಾನಕ್ಕೆ ಇಳಿಸಿ ಬೇರೆ ಕೊಡಬಹುದಿತ್ತು."

"ದೊಡ್ಡ ಡಾಕ್ಟ್ರು ಹೇಳಿದ್ರು, ಕೇಳಿದ್ರು ಕೂಡ" ಎಂದಳು ಶುಭಶ್ರೀ. "ನಾವೇ ಬಾಯಿ ಬಿಡಲಿಲ್ಲ."

"ಇಬ್ಬರನ್ನೂ ಜತೆಗೆ ಕೂರಿಸಿ ಕೇಳಿದರೆ ಯಾರಾದರೂ ಹೇಗೆ ಹೇಳ್ತಾರೆ?" ಎಂದರು ಪ್ರಾಪ್ತಿ. ಅದು ಸಮಾಧಾನದ ಮಾತು ಎಂದು ಶುಭಶ್ರೀಗೆ ತಿಳಿಯಿತು. ಆದರೂ ಸಮಾಧಾನವಾಗಲಿಲ್ಲ. ಬೆಂಕಿಗೆ ಹಾಕುವಾಗ ಸುಮ್ಮನೆ ನಿಂತು ನೋಡಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಭಟ್ಟರು ಬದುಕಿದರು. ಮನೆಗೆ ಬರುವಾಗ ಸಣ್ಣ ಮಾತ್ರೆಯನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುವ ಕ್ರಮ ಹೇಳಿ ಕಳಿಸಿದರು. ಮಾತ್ರೆಗಳನ್ನು ಶುಭಶ್ರೀಯೇ ಬೀಗ ಹಾಕಿ ಇಟ್ಟುಕೊಳ್ಳಬೇಕು, ಅವಳೇ ಕೊಡಬೇಕು. ಇಳಿಸುತ್ತಾ ಹೋದ ಹಾಗೆ ಆ ಹುಚ್ಚು, ಹೊಳೆಯ ನೆರೆಯ ಹಾಗೆ, ಇಳಿಯಿತು. ಜತೆಗೆ ಉಳಿದ ಆಸೆಗಳೂ ಇಳಿದುಹೋದವು. ಹಗಲಿಡೀ ಗೋಡೆ ನೋಡುತ್ತ ಕುಳಿತಿರುತ್ತಿದ್ದರು. ಕೈ ಪುನಃ ನಡುಗತೊಡಗಿತು. ಮೊದಲಿಗಿಂತ ಹೆಚ್ಚು. ಅಡುಗೆಗೆ ಕರೆಯಲು ಯಾರೂ ಬರಲಿಲ್ಲ. ಬಂದಿದ್ದರೂ ಅವರಿಗೆ ಆಗುತ್ತಿರಲಿಲ್ಲ.

ಒಂದು ದಿನ ದೀಕ್ಷಾ ಅಪ್ಪನ ಹತ್ತಿರ ಇದ್ದಾಗ ಶುಭಶ್ರೀ ಬಸ್ಸು ಹತ್ತಿ ಲಾಯಿಲಕ್ಕೆ ಹೋದಳು. ವಿಸ್ಮಿತಾ ಬಾಗಿಲಲ್ಲೇ ನಿಂತಳು. ಸ್ವಲ್ಪ ಹೊತ್ತು ನೋಡಿ ಆಮೇಲೆ ಒಳಗೆ ಕರೆದಳು. ಕುಡಿಯಲು ನೀರು ಕೊಟ್ಟಳು. ಶುಭಶ್ರೀ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

"ಕ್ಷಮಿಸು ಅಂತ ಕೇಳ್ಲಿಕ್ಕೆ ಬಂದದ್ದಲ್ಲ. ನಿನಗೆ ಗೊತ್ತಿರಲಿ ಅಂತ ಅಷ್ಟೇ."

ವಿಸ್ಮಿತಾ ಅವಳ ಎದುರು ಕುಳಿತಳು. "ಮಾತ್ರೆ ಅಂತ ಹೇಳಿದ್ರಿ. ಇರಬಹುದು. ಅಣ್ಣ ಮೊದಲು ಹಾಗಿರಲಿಲ್ಲ, ನನಗೂ ಗೊತ್ತುಂಟು. ಆದರೆ ಮಾತ್ರೆ ಅಂತ ಗೊತ್ತಾದ್ರೆ ನನಗೆ ಆದದ್ದು ಆಗ್ಲಿಲ್ಲ ಅಂತ ಆಗ್ತದಾ ಶುಭಕ್ಕ?"

"ಇಲ್ಲ."

"ಈಗ ಯಾರಾದ್ರೂ ಹಿಂದಿನಿಂದ ಬಾಗಿಲು ಹಾಕಿದ್ರೆ ಎದೆ ಹೊಡ್ಕೊಳ್ತದೆ. ಅಡುಗೆ ಕೆಲಸಕ್ಕೆ ಹೋಗುವುದು ಬಿಟ್ಟೆ." ಅವಳು ಶುಭಶ್ರೀಯ ಕಡೆ ತಿರುಗಿದಳು. "ನಿಮಗೆ ಮೊದಲೇ ಗೊತ್ತಿತ್ತಾ? ಅವರು ಹಾಗಾಗಿದ್ದಾರೆ ಅಂತ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು" ಎಂದಳು ಶುಭಶ್ರೀ. "ನನ್ನ ಹತ್ತಿರ ಮಾತ್ರ ಅಂತ ತಿಳಿದಿದ್ದೆ."

ವಿಸ್ಮಿತಾ ಎದ್ದು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ತಿರುಗಿ ಬರಲಿಲ್ಲ. ಒಳಗಿನಿಂದ ನೀರು ಬಿಟ್ಟ ಸದ್ದು ಕೇಳುತ್ತಿತ್ತು. ಶುಭಶ್ರೀ ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಂಡಿಗೆ ನಡೆದಳು.

ಮನೆಗೆ ಬಂದಾಗ ದೀಕ್ಷಾ ಹೊರಡಲು ತಯಾರಾಗಿದ್ದಳು. ಅವಳು ಹೋದ ಮೇಲೆ ಶುಭಶ್ರೀ ಗಂಜಿ ಬಡಿಸಿಕೊಂಡು ಬಂದು ಗಂಡನ ಎದುರು ಕುಳಿತಳು. ಭಟ್ಟರಿಗೆ ಈಗ ಚಮಚ ಬಾಯಿಯವರೆಗೆ ತಲುಪುತ್ತಿರಲಿಲ್ಲ.

"ಲಾಯಿಲಕ್ಕೆ ಹೋದದ್ದಾ?" ಎಂದು ಕೇಳಿದರು. ಈಗೀಗ ಅವರ ಸ್ವರ ಬಹಳ ಸಣ್ಣಗಾಗಿತ್ತು.

"ಹೌದು."

"ನಂಬಿದ್ಲಾ ಅವಳು?"

"ನಂಬಿದ್ಲು."

ಭಟ್ಟರ ಮುಖದಲ್ಲಿ ಏನೋ ಸಡಿಲವಾಯಿತು. "ನೀನು?" ಎಂದರು. "ಅದು ನಾನಲ್ಲ ಅಂತ ನೀನು ನಂಬ್ತೀಯಾ?"

ಡಾಕ್ಟರು ಹೇಳಿದ್ದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆದರೆ ಇದೇ ಕೈ ಮುಂದೆ ಬಂದಾಗ ಅವಳ ಮೈ ಈಗಲೂ ತಾನಾಗಿ ಹಿಂದೆ ಸರಿಯುತ್ತಿತ್ತು. ಗಂಜಿ ತಣಿಯುತ್ತಿತ್ತು. ಒಂದು ಚಮಚ ತುಂಬಿ, ಅವರು ಬಾಯಿ ತೆರೆಯುವುದನ್ನು ಕಾದಳು.