ಬಸ್ಸು ತಿರುಗುವ ಜಾಗ

ಆ ಸೋಮವಾರ ಬೆಳಗಿನಿಂದ ಆಮ್ರಪಾಲಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರೊಟ್ಟಿ ಬಡಿಯಲು ಕೂತರೆ ಒಂದು ಹರಿಯಿತು, ಇನ್ನೊಂದು ಹೊತ್ತಿತು. ಮಗಳು ವಿಶಾಖಾ ಡಬ್ಬಿ ಕಟ್ಟು ಎಂದು ಎರಡು ಸಲ ಕೂಗಿದಳು, ಎರಡು ಸಲವೂ ಇವಳು ಹೂಂ ಅಂದು ಖಾಲಿ ಡಬ್ಬಿಯನ್ನೇ ಮುಚ್ಚಿದಳು. ಹನ್ನೊಂದಕ್ಕೆ ಗ್ರಾಮಸಭೆ. ಸೀರೆಯ ಸೊಂಟದಲ್ಲಿ ಸಿಕ್ಕಿಸಿಕೊಂಡ ಕಾಗದ ಬಗ್ಗಿದಾಗೊಮ್ಮೆ ಎದ್ದಾಗೊಮ್ಮೆ ಚುಚ್ಚುತ್ತಿತ್ತು.

ಕಾಗದ ಸಿಕ್ಕಿದ್ದು ಗಂಡನ ಗಿರಣಿಯಲ್ಲಿ. ಬೆಳಗ್ಗೆ ಜೋಳದ ಹಿಟ್ಟು ತರಲು ಹೋದವಳು ಹಿಟ್ಟು ಬಳಿಯುವ ಬ್ರಷ್ ಕಾಣದೆ ಮೋಟರಿನ ಹಿಂದಿನ ಗೂಡಿಗೆ ಕೈ ಹಾಕಿದ್ದಳು. ಬ್ರಷ್ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಒಂದು ಲಕೋಟೆ ಇತ್ತು, ಮೇಲೆ ಅವಳದೇ ಹೆಸರು: ಅಧ್ಯಕ್ಷರು, ಗ್ರಾಮ ಪಂಚಾಯಿತಿ, ಕಾರವಾಡಿ.

ಅವಳ ಹೆಸರಿಗೆ ಬಂದ ಕಾಗದ ಅವಳ ಕೈಗೆ ಬರದಿದ್ದುದು ಈ ಊರಲ್ಲಿ ಹೊಸದೇನಲ್ಲ. ಮೀಸಲಾತಿಯಲ್ಲಿ ಅಧ್ಯಕ್ಷೆಯಾಗಿ ಎರಡು ವರ್ಷವಾದರೂ ಟಪಾಲು ಬಿಡಿಸುವವನು ಗಂಡ ಕುನಾಲ, ಬಸವಕಲ್ಯಾಣದ ತಾಲೂಕು ಕಚೇರಿಗೆ ಹೋಗುವವನು ಕುನಾಲ, ಗ್ರಾಮಸಭೆಯಲ್ಲಿ ಮೈಕು ಹಿಡಿದು ವರದಿ ಓದುವವನೂ ಕುನಾಲ. ಇವಳು ಸಹಿ. ಊರವರು ಅವನನ್ನು ‘ಅಧ್ಯಕ್ಷರು’ ಅನ್ನುತ್ತಿದ್ದರು, ಇವಳನ್ನು ‘ಅಧ್ಯಕ್ಷರ ಮನೆಯವರು’. ಹತ್ತನೇ ಇಯತ್ತೆ ಪಾಸಾದ ಹೆಂಗಸಿಗೆ ಇದಕ್ಕಿಂತ ಮರ್ಯಾದೆ ಬೇಕೇ! ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ಸುಮ್ಮನಾಗುವುದು ಸುಲಭ, ಅದೇ ತಪ್ಪು.

ಕಾಗದ ಬಸ್ ಡಿಪೋದ್ದು. ಕಾರವಾಡಿಯ ಹೆಣ್ಣುಮಕ್ಕಳು ಹುಮನಾಬಾದಿನ ಹೈಸ್ಕೂಲಿಗೆ ಹೋಗಲು ಕ್ರಾಸಿನ ತನಕ ಮೂರು ಕಿಲೋಮೀಟರು ನಡೆಯಬೇಕು. ನಡೆಯುವುದಕ್ಕೆ ಯಾರೂ ಅಳುತ್ತಿರಲಿಲ್ಲ. ಕ್ರಾಸಿನ ಧಾಬಾದ ಎದುರು ಲಾರಿ ನಿಲ್ಲಿಸಿಕೊಂಡವರ ಮಾತು ಕೇಳುತ್ತ ಬಸ್ಸು ಕಾಯಬೇಕಲ್ಲ, ಅದಕ್ಕೆ ಅಳುತ್ತಿದ್ದರು. ಹೋದ ವರ್ಷ ಒಂಬತ್ತು ಜನ ಹೋಗುತ್ತಿದ್ದರು, ಈಗ ಐದು. ಊರೊಳಗೆ ಬಸ್ಸು ಬರಲಿ ಎಂದು ಪಂಚಾಯಿತಿ ಅರ್ಜಿ ಕೊಟ್ಟಿತ್ತು. ಡಿಪೋದವರು ಒಪ್ಪಿದ್ದರು. ಬಸ್ಸು ತಿರುಗಲು ಬೇವಿನಮರದ ಮುಂದೆ ಜಾಗ ಬೇಕು. ಸರ್ಕಾರಿ ಜಾಗದಲ್ಲಿ ಒತ್ತಿ ಕಟ್ಟಿಕೊಂಡಿರುವುದನ್ನು ತೆಗೆಸುತ್ತೇವೆಂದು ಆಗಸ್ಟ್ ಮೂವತ್ತೊಂದರೊಳಗೆ ಗ್ರಾಮಸಭೆಯ ಠರಾವು ಕಳಿಸಿ, ಇಲ್ಲದಿದ್ದರೆ ಬಸ್ಸು ಬೇರೆ ಊರಿಗೆ ಹೋಗುತ್ತದೆ. ಕೆಳಗೆ ನಾಲ್ಕು ಹೆಸರು, ಎಷ್ಟೆಷ್ಟು ಅಡಿ ಎಂದು ಅಳತೆ. ಮೊದಲನೆಯದು: ಕುನಾಲ, ಹಿಟ್ಟಿನ ಗಿರಣಿ, ಹನ್ನೊಂದು ಅಡಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ. ಪೂಜಾರಿ ತನ್ನ ಮನೆಯಲ್ಲೇ ಇದ್ದಾನೆ ಅಂತ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಆದರೆ ಗಿರಣಿಯೆಂದರೆ ಕುನಾಲನಿಗೆ ಏನು ಅನ್ನುವುದೂ ಅವಳಿಗೆ ಗೊತ್ತು. ಶುರು ಮಾಡಿದ ಮೂರು ವರ್ಷ ಮೇಲಿನ ಓಣಿಯ ಒಬ್ಬರೂ ಅಲ್ಲಿಗೆ ಕಾಳು ತರಲಿಲ್ಲ. ಕೆಳಗಿನ ಓಣಿಯ ಇವರ ಕೈಯ ಹಿಟ್ಟು ಬೇಡವಾಗಿ, ಚೀಲ ಹೊತ್ತು ಹುಮನಾಬಾದಿಗೆ ಹೋಗಿ ಬೀಸಿಕೊಂಡು ಬರುತ್ತಿದ್ದರು. ಕೊರೋನಾದಲ್ಲಿ ಗಾಡಿಗಳೆಲ್ಲ ನಿಂತಾಗ ಹೊಟ್ಟೆ ಕೇಳಬೇಕಲ್ಲ, ಮೊದಲು ಕತ್ತಲಲ್ಲಿ ಬಂದರು, ಆಮೇಲೆ ಬೆಳಕಲ್ಲೇ ಬಂದು ಸಾಲು ನಿಂತರು. ಆವತ್ತು ರಾತ್ರಿ ಕುನಾಲ ಮೈತುಂಬ ಹಿಟ್ಟು ಮೆತ್ತಿಕೊಂಡೇ ಕೂತು ಉಂಡಿದ್ದ, ತೊಳೆದುಕೊಂಡಿರಲಿಲ್ಲ. ಬಸ್ಸು ಬಂದರೆ ಗಿರಣಿ ಹನ್ನೊಂದು ಅಡಿ ಹೋಗುವುದಷ್ಟೇ ಅಲ್ಲ, ಊರು ಮತ್ತೆ ಚೀಲ ಹೊತ್ತು ಬಸ್ಸು ಹತ್ತಿದರೆ? ಅದೇ ಅವನ ಭಯ. ಅದು ಅರ್ಥವಾದ್ದರಿಂದಲೇ ಅವಳಿಗೆ ಹೆಚ್ಚು ಸಂಕಟವಾಯಿತು.

ಸಭೆ ಸಾಲೆಯ ಅಂಗಳದಲ್ಲಿ. ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಪಿಡಿಒ ನಾಗನಾಥ ಠರಾವು ಪುಸ್ತಕ ತೆರೆದಿಟ್ಟು ಪೆನ್ನು ಕೊಡವುತ್ತಿದ್ದ. ಉಪಾಧ್ಯಕ್ಷ ವೀರಭದ್ರ, ಬೇವಿನಮರದೆದುರಿನ ದೊಡ್ಡ ಕಿರಾಣಿ ಅಂಗಡಿಯವನು, ಆಮ್ರಪಾಲಿಯ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಅವನ ಕಡೆಯವರ ಓಟುಗಳೇ, ಅದನ್ನು ಅವನು ಮರೆಯಲು ಬಿಡುತ್ತಿರಲಿಲ್ಲ.

ಕುನಾಲನ ದನಿ ಒಳ್ಳೆಯದು. ಮೈಕು ಇಲ್ಲದಿದ್ದರೂ ಕೆರೆಯ ದಂಡೆಗೆ ಕೇಳಿಸುತ್ತದೆ. ನಲ್ಲಿ ನೀರಿನ ಪೈಪು ಎಲ್ಲಿಯ ತನಕ ಬಂತು, ಉದ್ಯೋಗ ಖಾತ್ರಿಯಲ್ಲಿ ಯಾವ ಹಳ್ಳದ ಹೂಳು ತೆಗೆಯುತ್ತಾರೆ, ಮನೆ ಮಂಜೂರಿಯ ಯಾದಿ ತಾಲೂಕಿನಲ್ಲಿ ಯಾರ ಟೇಬಲ್ಲಿನ ಮೇಲೆ ಕೂತಿದೆ, ಎಲ್ಲ ಹೇಳಿದ. ನಡುನಡುವೆ ಬಸವಕಲ್ಯಾಣದ ಸಾಹೇಬರು ತನಗೆ ಚಹಾ ಕುಡಿಸಿದ್ದನ್ನೂ ಹೇಳಿದ. ಜನ ನಕ್ಕರು. ಆಮ್ರಪಾಲಿ ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು. ಒಮ್ಮೆಯಾದರೂ ಇತ್ತ ನೋಡಲಿ, ಕಣ್ಣಲ್ಲೇ ಕೇಳುತ್ತೇನೆ ಅಂದುಕೊಂಡಳು. ಅವನು ನೋಡಲಿಲ್ಲ.

“ಇನ್ನ ಬಸ್ಸಿನ ವಿಷಯ,” ಅಂದ ಕುನಾಲ. “ಡಿಪೋದಿಂದ ಉತ್ತರ ಬಂದಿಲ್ಲ. ನಮ್ಮ ಪ್ರಯತ್ನ ಜಾರಿ ಅದ.”

ಚಪ್ಪಾಳೆ ಬಿತ್ತು. ಸುಳ್ಳಿಗೆ ಬಿದ್ದ ಚಪ್ಪಾಳೆ ಸತ್ಯಕ್ಕಿಂತ ಜೋರಾಗಿಯೇ ಇರುತ್ತದೆ. ಅವಳಿಗೆ ಎದ್ದು ನಿಂತದ್ದು ಗೊತ್ತಾಗಲಿಲ್ಲ, ಕುರ್ಚಿ ಹಿಂದಕ್ಕೆ ಬಿದ್ದಾಗ ಗೊತ್ತಾಯಿತು. ವಂದನಾರ್ಪಣೆಗೆ ಎದ್ದಳೆಂದು ತಿಳಿದ ಕುನಾಲ ತಾನೇ ಮೈಕನ್ನು ಅವಳ ಕೈಗೆ ಕೊಟ್ಟ.

“ಉತ್ತರ ಬಂದದ್ರಿ,” ಅಂದಳು. ತನ್ನದೇ ದನಿ ಕೇಳಿ ಮೈಕನ್ನು ತುಸು ದೂರ ಹಿಡಿದಳು. “ಜೂನ್ ಇಪ್ಪತ್ನಾಲ್ಕಕ್ಕ ಬಂದದ. ಇಲ್ಲೇ ಅದ, ಓದತೀನಿ.”

ಓದಿದಳು. ಒಂದಕ್ಷರವೂ ತಪ್ಪಲಿಲ್ಲ. ಬಸ್ಸು ಕೊಡುತ್ತಾರೆ, ಜಾಗ ಬೇಕು, ಈ ಭಾನುವಾರ ಕೊನೆಯ ದಿನ, ಮೊದಲು ಹೋಗಬೇಕಾದ್ದು ನಮ್ಮದೇ ಗಿರಣಿ, ಹನ್ನೊಂದು ಅಡಿ. ಅಷ್ಟು ಓದಿ ಕಾಗದ ಮಡಚಿದಳು. ಉಳಿದ ಮೂರು ಹೆಸರು ನಾಲಿಗೆಗೆ ಬರಲಿಲ್ಲ. ಎರಡನೆಯ ಹೆಸರು ಪಕ್ಕದ ಕುರ್ಚಿಯಲ್ಲಿ ಕೂತಿತ್ತಲ್ಲ.

ಹೆಂಗಸರ ಸಾಲಿನಿಂದ ಮೇಲಿನ ಓಣಿಯ ತುಳಜಾಬಾಯಿ ಎದ್ದು ನಿಂತಳು. ಆಕೆಯ ಮಗಳು ಭುವನೇಶ್ವರಿ ವಿಶಾಖಾಳ ಜೊತೆಗೇ ಒಂಬತ್ತನೇ ಇಯತ್ತೆಯಲ್ಲಿ ಓದುತ್ತಿದ್ದವಳು.

“ತಾರೀಖು ಇನ್ನೊಮ್ಮೆ ಹೇಳವಾ,” ಅಂದಳು.

“ಜೂನ್ ಇಪ್ಪತ್ನಾಲ್ಕು.”

ತುಳಜಾಬಾಯಿ ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿರುತ್ತಿತ್ತು. “ಜುಲೈ ಎಂಟಕ್ಕ ನಮ್ಮ ಹುಡುಗಿ ಸಾಲಿ ಬಿಡಿಸಿದಿವಿ. ಬಸ್ ಬರೂದಿಲ್ಲ ಅಂತ ಅವರಪ್ಪ ಅಂದ, ನಾನೂ ಹೂಂ ಅಂದೆ. ಆವಾಗ ಈ ಕಾಗದ ಊರಾಗೇ ಇತ್ತೇನು?” ಆಮೇಲೆ ಕುನಾಲನ ಕಡೆ ತಿರುಗಿದಳು. “ನಿಮ್ಮ ಮಗಳಿಗ ನೀವು ದಿನಾ ಗಾಡಿ ಮ್ಯಾಲ ಕ್ರಾಸಿಗ ಬಿಡತೀರಿ. ನಮ್ಮ ಮನ್ಯಾಗ ಗಾಡಿ ಇಲ್ಲರಿ.”

ಕುನಾಲ ಶಾಮಿಯಾನದ ಕಂಬ ಹಿಡಿದುಕೊಂಡು ನೆಲ ನೋಡಿದ.

ಪಿಡಿಒ ಗಂಟಲು ಸರಿಮಾಡಿಕೊಂಡು, ಠರಾವು ಆಗಬೇಕಾದರೆ ಒಬ್ಬ ಸೂಚಕರು, ಒಬ್ಬ ಅನುಮೋದಕರು ಬೇಕು ಅಂದ. ಸೂಚಕರೆಂದು ತುಳಜಾಬಾಯಿ ಹೆಸರು ಕೊಟ್ಟಳು. ಅನುಮೋದಕರು? ಹಿಂದಿನ ಸಾಲಿನವರು ಮುಂದಿನ ಸಾಲನ್ನು ನೋಡಿದರು, ಮುಂದಿನವರು ಚಪ್ಪಲಿ ನೋಡಿಕೊಂಡರು. ಇವತ್ತು ಗಿರಣಿ, ನಾಳೆ ನನ್ನ ಹಿತ್ತಲ ಗೋಡೆ ಅನ್ನುವ ಲೆಕ್ಕ ಎಲ್ಲರ ತಲೆಯಲ್ಲೂ ಓಡಿತು. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಆಮ್ರಪಾಲಿ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಗಂಡನ ಮರ್ಯಾದೆಯನ್ನು ಹತ್ತು ಜನರ ಮುಂದೆ ಕಳೆದದ್ದಾಯಿತು, ಬಸ್ಸೂ ಬರುವುದಿಲ್ಲ.

ಆಗ ವೀರಭದ್ರ ಎದ್ದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ. ಪಾಪ, ಕುನಾಲ ಬಡವ, ಅವನ ಹೊಟ್ಟೆಯ ಮೇಲೆ ಹೊಡೆದು ನಮಗೆ ಬಸ್ಸು ಬೇಕೇ, ಇದು ಧರ್ಮವೇ, ಮುಂದಿನ ಸಭೆಯಲ್ಲಿ ಸಾವಕಾಶ ನೋಡೋಣ ಅಂದ. ಹಿಂದಿನ ಸಾಲಿನಲ್ಲಿ ಹೌದು ಹೌದು ಎಂಬ ಗುಜುಗುಜು ಎದ್ದಿತು. ನಾಗನಾಥ ಪೆನ್ನಿನ ಮುಚ್ಚಳ ಹಾಕತೊಡಗಿದ.

“ಅಧ್ಯಕ್ಷರ.”

ಕುನಾಲ ಕರೆದದ್ದು. ಯಾರನ್ನು ಕರೆದನೆಂದು ಆಮ್ರಪಾಲಿಗೆ ಚಣ ತಿಳಿಯಲಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ಅವನು ಅವಳನ್ನು ‘ಏ’ ಅಂದಿದ್ದ, ‘ಇಕಿ’ ಅಂದಿದ್ದ, ‘ವಿಶಾಖಾನ ಮಮ್ಮಿ’ ಅಂದಿದ್ದ.

“ಅಧ್ಯಕ್ಷರ, ಹಾಳಿ ಪೂರಾ ಓದ್ರಿ. ನಾಲ್ಕು ಹೆಸರು ಅವ. ನೀವು ಒಂದೇ ಓದೀರಿ.”

ಅವಳ ಮುಖ ಕೆಂಪಾಯಿತು. ಹೌದಲ್ಲ! ಗಂಡ ಮುಚ್ಚಿಟ್ಟನೆಂದು ಎದ್ದು ನಿಂತವಳು ತಾನೂ ಮೂರು ಮುಚ್ಚಿಟ್ಟಿದ್ದಳು. ಮಡಿಕೆ ಬಿಚ್ಚಿ ಓದಿದಳು: ವೀರಭದ್ರ, ಕಿರಾಣಿ ಅಂಗಡಿ ಮುಂದಿನ ಕಟ್ಟೆ, ಒಂಬತ್ತು ಅಡಿ. ಲಾಲ್ ಅಹ್ಮದ್, ಪಾನ್ ಡಬ್ಬಿ, ನಾಲ್ಕು ಅಡಿ. ಬಸವಣಪ್ಪ, ದನದ ಕೊಟ್ಟಿಗೆ, ಆರು ಅಡಿ. ಒಂಬತ್ತು ಅಡಿ ಅಂದಾಗಲೇ ಹೆಂಗಸರ ಸಾಲಿನಲ್ಲಿ ನಗು ಎದ್ದಿತ್ತು. ಧರ್ಮದ ಅಳತೆ ಒಂಬತ್ತಡಿ ಅಂತ ಯಾರೋ ಅಂದರು. ವೀರಭದ್ರ ಕೂತ.

“ಅನುಮೋದಕರು ಅಂತ ನನ್ನ ಹೆಸರು ಬರಕೋರಿ,” ಅಂದ ಕುನಾಲ, ಪಿಡಿಒಗೆ. “ನಾಲ್ಕೂ ಹೋಗಬೇಕು. ಒಂದೂ ಬಿಡಬ್ಯಾಡ್ರಿ.”

ವೀರಭದ್ರನ ಮೇಲಿನ ಸಿಟ್ಟೋ, ಹಠವೋ, ತುಳಜಾಬಾಯಿಯ ಮಾತು ತಾಗಿದ್ದೋ ಅಂದರೆ ಮೂರೂ ಇದ್ದವು. ಊರಿಗೆ ಒಳ್ಳೆಯದಾಗುವುದು ಯಾವಾಗಲೂ ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ ಅಂತ ಹೇಳಿದವರು ಗ್ರಾಮಸಭೆ ನೋಡಿಲ್ಲ.

ಠರಾವೇನೋ ಆಯಿತು, ಮನೆಯಲ್ಲಿ ಎಂಟು ದಿನ ಮಾತಿಲ್ಲ. ತಟ್ಟೆ ಇಟ್ಟರೆ ಉಂಡ, ಎದ್ದು ಹೋದ. ರಾತ್ರಿ ಅವನೂ ಹೊರಳಿದ, ಅವಳೂ ಹೊರಳಿದಳು. ಒಂಬತ್ತನೆಯ ದಿನ ಗಿರಣಿಯ ಬೋಲ್ಟು ಬಿಚ್ಚುತ್ತಿದ್ದಾಗ ಅವಳು ಹೋಗಿ ಮೋಟರಿನ ಪಟ್ಟಾದ ಇನ್ನೊಂದು ತುದಿ ಹಿಡಿದಳು. ಅವನು ತಲೆಯೆತ್ತದೆ ಕೇಳಿದ.

“ನನಗ ಮನ್ಯಾಗ ಯಾಕ ಕೇಳಲಿಲ್ಲ?”

“ಮನ್ಯಾಗ ಕೇಳಿದ್ರ ನೀವು ಮನ್ಯಾಗೇ ಮುಗಸ್ತಿದ್ರಿ.”

ಅವನು ಪಾನಾ ತಿರುಗಿಸುವುದನ್ನು ನಿಲ್ಲಿಸಿದ. ಇಬ್ಬರೂ ಸೇರಿ ಬೀಸುಕಲ್ಲನ್ನು ಕೆಳಗಿಳಿಸಿದರು. ಗಿರಣಿ ಮನೆಯ ಹಿಂದಿನ ಪಡಸಾಲೆಗೆ ಹೋಯಿತು. ಕೆಳಗಿನ ಓಣಿಯ ಒಳಗೆ ಅಷ್ಟು ದೂರ ಮೇಲಿನವರು ಬರುತ್ತಾರೋ ಇಲ್ಲವೋ, ಅದರ ಚಿಂತೆ ಇಬ್ಬರಿಗೂ ಇತ್ತು. ಮೊದಲ ವಾರ ಬಂದದ್ದು ತುಳಜಾಬಾಯಿ ಒಬ್ಬಳೇ, ಹತ್ತು ಕಿಲೋ ಜೋಳ ಹೊತ್ತುಕೊಂಡು.

ಆ ತುಳಜಾಬಾಯಿಯನ್ನು ಕರೆದುಕೊಂಡು ಆಮ್ರಪಾಲಿ ಹುಮನಾಬಾದಿನ ಸಾಲೆಗೆ ಎರಡು ಸಲ ಹೋಗಿ ಬಂದಳು. ಹಾಜರಿ ಕಡಿಮೆಯಾಗಿದೆ ಎಂದು ಹೆಡ್‌ಮಾಸ್ತರರು ಗೊಣಗಿದರು, ಕೊನೆಗೆ ಕಳಿಸಿ ಅಂದರು. ಆದರೆ ಭುವನೇಶ್ವರಿಯೇ ಹಠ ಹಿಡಿದಳು. ಎಲ್ಲ ಪಾಠ ಮುಂದೆ ಹೋಗಿವೆ, ನಗುತ್ತಾರೆ, ಒಲ್ಲೆ ಅಂದಳು. ನೋಡೋಣ ಅಂದಳು ತುಳಜಾಬಾಯಿ.

ದಸರಾ ರಜೆ ಮುಗಿದ ಮೊದಲ ದಿನ ಬೆಳಗ್ಗೆ ಕೆಂಪು ಬಸ್ಸು ಕಾರವಾಡಿಯ ಒಳಗೆ ಬಂತು. ಊರೇ ಬೇವಿನಮರದ ಕೆಳಗೆ ನಿಂತಿತ್ತು. ಕುನಾಲ ಬಸ್ಸಿನ ಹಿಂದೆ ನಿಂತು, ಬರಲಿ, ಬರಲಿ, ಎಡಕ್ಕ ಕಟ್ ಮಾಡ್ರಿ ಎಂದು ತನ್ನ ದೊಡ್ಡ ದನಿಯಲ್ಲಿ ರಿವರ್ಸ್ ಹೇಳಿದ. ಗಿರಣಿ ಇದ್ದ ನೆಲದಲ್ಲಿ ವರ್ಷಗಳ ಹಿಟ್ಟು ಇನ್ನೂ ಬೆಳ್ಳಗೆ ಕೂತಿತ್ತು, ಅದರ ಮೇಲೆ ಹಾದು ಬಸ್ಸು ತಿರುಗಿತು. ವಿಶಾಖಾ ಹತ್ತಿದಳು, ಉಳಿದ ನಾಲ್ವರೂ ಹತ್ತಿದರು, ಸಾಲೆ ಬಿಟ್ಟಿದ್ದವರಲ್ಲಿ ಇಬ್ಬರು ಹತ್ತಿದರು. ಭುವನೇಶ್ವರಿ ಇರಲಿಲ್ಲ. ಆಮ್ರಪಾಲಿ ಮೇಲಿನ ಓಣಿಯ ಕಡೆ ನೋಡುತ್ತಲೇ ಇದ್ದಳು, ಎರಡು ಹೆಜ್ಜೆ ಅತ್ತ ಹೋದಳು, ಮತ್ತೆ ಬಂದಳು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ಕುನಾಲ ಹಿಂದಿನಿಂದ ಓಡಿ ಬಂದು ಬಸ್ಸಿನ ಮುಂದೆ ನಿಂತು ಎರಡೂ ಕೈ ಚಾಚಿದ. ಡ್ರೈವರ್ ಹಾರ್ನ್ ಹೊಡೆದ. ಕಂಡಕ್ಟರ್ ಕೆಳಗಿಳಿದು, ಟೈಮಾಯಿತು, ಸರಿಯಪ್ಪಾ, ಯಾಕೆ ತಡೆಯುತ್ತೀ ಎಂದು ರೇಗಿದ.

“ಎರಡು ತಿಂಗಳ ತಡದೀನ್ರಿ ಈ ಬಸ್ಸಿಗ,” ಅಂದ ಕುನಾಲ. “ಇನ್ನ ಎರಡ ಮಿನಿಟು ನಿಲ್ರಿ.”

ಅವನ ಕಣ್ಣು ತುಂಬಿದ್ದು ಆಮ್ರಪಾಲಿಗೆ ಕಂಡಿತು. ಮೊದಲ ಸಲ ಅವಳಿಗೆ ಅವನ ಮೇಲಿದ್ದ ಸಿಟ್ಟು ಪೂರ್ತಿ ಇಳಿಯಿತು. ಅವಳೂ ಹೋಗಿ ಅವನ ಪಕ್ಕದಲ್ಲಿ, ಬಸ್ಸಿನ ಮುಂದೆ ನಿಂತಳು. ಇಬ್ಬರೂ ಮೇಲಿನ ಓಣಿಯನ್ನೇ ನೋಡಿದರು.

ಓಣಿಯ ತಿರುವಿನಲ್ಲಿ ಭುವನೇಶ್ವರಿ ಕಂಡಳು. ಯೂನಿಫಾರ್ಮಿನ ತೋಳು ಗಿಡ್ಡವಾಗಿತ್ತು. ಒಂದು ಜಡೆ ಹೆಣೆದಾಗಿತ್ತು, ಇನ್ನೊಂದು ಬಿಚ್ಚಿ ಹಾರುತ್ತಿತ್ತು. ಹಿಂದಿನಿಂದ ತುಳಜಾಬಾಯಿ ಆ ಕೂದಲು ಹಿಡಿದು ಹೆಣೆಯುತ್ತಲೇ ಮಗಳ ಜೊತೆ ಓಡಿ ಬರುತ್ತಿದ್ದಳು. ಕುನಾಲ ಪಕ್ಕಕ್ಕೆ ಸರಿದು ದಾರಿ ಬಿಟ್ಟ.