ಶುಕ್ರವಾರದ ಫೋನು

ಉದ್ಯಾವರದ ಬೆಂಜಮಿನ್ ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಶುಕ್ರವಾರ ರಜೆಯ ದಿನ ಅವರು ಮಸ್ಕತ್ತಿನಿಂದ ಫೋನು ಮಾಡಿದಾಗ ಕೆಟ್ಟ ಸುದ್ದಿ ಒಂದನ್ನೂ ಹೇಳುವಂತಿಲ್ಲ. ಬಾವಿಯ ಪಂಪು ಸುಟ್ಟರೂ, ಮಾಡಿನ ಹಂಚು ಹಾರಿದರೂ ಹೆಂಡತಿ ಪ್ರೆಸಿಲ್ಲಾ "ಇಲ್ಲಿ ಎಲ್ಲ ಚೆಂದ ಉಂಟು" ಎಂದೇ ಹೇಳುವವರು. ಬಿಸಿಲಲ್ಲಿ ದುಡಿಯುವವರಿಗೆ ಇಷ್ಟು ದೂರದಿಂದ ತಲೆಬಿಸಿ ಕೊಡಬಾರದಂತೆ. ಕೇಳಲು ಬಲು ಒಳ್ಳೆಯ ಮಾತು. ಈ ಒಳ್ಳೆಯ ಮಾತೇ ಹುಸೇನಪ್ಪನ ಬಾಳಿಗೆ ಕೊಳ್ಳಿ ಇಟ್ಟಿತು.

ಹುಸೇನಪ್ಪ ಆ ಮನೆಯ ಕಾರಿನ ಡ್ರೈವರ್. ಗಂಗಾವತಿ ಕಡೆಯವನು, ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊರುತ್ತಲೇ ಡ್ರೈವಿಂಗ್ ಕಲಿತು ಮೇಲೆ ಬಂದವನು. ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ ಬೆಂಜಮಿನ್ ಅವನನ್ನೇ ಫೋನಿಗೆ ಕರೆಸಿ ಹೇಳಿದ್ದರು: "ನಮ್ಮ ಕಂಪೆನಿಗೆ ಒಬ್ಬ ಡ್ರೈವರ್ ಬೇಕು. ಪಾಸ್‌ಪೋರ್ಟ್ ಮಾಡಿಸಿ ಇಡು. ಡಿಸೆಂಬರಿನಲ್ಲಿ ಬಂದಾಗ ಕಾರು ಹೇಗೆ ಇಟ್ಟುಕೊಂಡಿದ್ದಿ ಅಂತ ನೋಡುತ್ತೇನೆ. ಸರಿ ಇದ್ದರೆ ವೀಸಾ ನಿನಗೇ." ಅಂದಿನಿಂದ ಅವನು ಕಾರನ್ನು ಹೆತ್ತ ಮಗುವಿನ ಹಾಗೆ ನೋಡಿಕೊಂಡ. ಊರಿನಲ್ಲಿ ಅವನ ಹೆಂಡತಿ ರತ್ನವ್ವ ಓಣಿಗೆಲ್ಲ ಹೇಳಿಯೂ ಆಯಿತು.

ನವೆಂಬರಿನ ಒಂದು ಬೆಳಿಗ್ಗೆ ಕಾರಿನ ಅಡಿಯಲ್ಲಿ ನೀರು ಕಂಡಿತು. ಎಂಜಿನ್ನನ್ನು ತಂಪಾಗಿಡಲು ನೀರು ಸುತ್ತಿಸುವ ವಾಟರ್ ಪಂಪು ಸೋರುತ್ತಿತ್ತು. ಅಂಬಲಪಾಡಿಯ ಮೆಕ್ಯಾನಿಕ್ ಉಮಾನಾಥ ಬಗ್ಗಿ ನೋಡಿ, "ಸಾವಿರದ ಇನ್ನೂರರ ಕೆಲಸ. ಬದಲಿಸಿಬಿಡು ಮಾರಾಯ, ಇಲ್ಲದಿದ್ದರೆ ಎಂಜಿನೇ ಹೋದೀತು" ಎಂದ.

ಹುಸೇನಪ್ಪ ಮನೆಗೆ ಬಂದವನೇ ಪ್ರೆಸಿಲ್ಲಾರಿಗೆ ಎಲ್ಲ ಬಿಡಿಸಿ ಹೇಳಿದ. "ಸಾಹೇಬ್ರಿಗೆ ಫೋನಿನ್ಯಾಗ ಒಂದ್ ಮಾತು ಹೇಳ್ರಿ ಅಮ್ಮಾರ."

"ಅವರು ಬರಲಿಕ್ಕೆ ಇನ್ನು ತಿಂಗಳೂ ಇಲ್ಲ. ಈಗ ತಲೆಬಿಸಿ ಯಾಕೆ? ಕೇಳದೆ ಕಾರು ಬಿಚ್ಚಿಸಿದರೆ ನನಗೆ ಬೈಗುಳ. ಅಷ್ಟರ ತನಕ ನೀರು ಹಾಕಿ ಓಡಿಸು."

ಓಡಿಸಿದ. ಡಿಕ್ಕಿಯಲ್ಲಿ ಐದು ಲೀಟರಿನ ಕ್ಯಾನು ಇಟ್ಟುಕೊಂಡ. ಕಾಪುವಿಗೆ ಹೋದರೆ ಅಲ್ಲಿ ಒಮ್ಮೆ, ಕಾರ್ಕಳದ ದಾರಿಯಾದರೆ ಮಣಿಪಾಲದ ಏರು ಹತ್ತಿದ ಮೇಲೆ ಒಮ್ಮೆ, ಗಾಡಿ ನಿಲ್ಲಿಸಿ, ಎಂಜಿನ್ ಆರಲು ಬಿಟ್ಟು ನೀರು ತುಂಬುತ್ತಿದ್ದ. ಹಿಂದಿನ ಸೀಟಿನಲ್ಲಿ ಪ್ರೆಸಿಲ್ಲಾ ಜಪಮಾಲೆ ಎಣಿಸುತ್ತ ಕಾಯುತ್ತಿದ್ದರು.

ಬೆಂಜಮಿನ್ ಬಂದರು. ಕಾರಿಗೆ ಒಂದು ಸುತ್ತು ಹಾಕಿ, ಮಿರಮಿರ ಮಿಂಚುವ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಭೇಷ್. ಪಾಸ್‌ಪೋರ್ಟ್ ತಾ" ಎಂದರು. ಪಂಪಿನ ಮಾತು ಹುಸೇನಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ನಿಂತ ಪ್ರೆಸಿಲ್ಲಾ ಕಣ್ಣಲ್ಲೇ ತಡೆದರು. ಆಮೇಲೆ ಹಿತ್ತಿಲಿಗೆ ಬಂದು, "ಬಂದ ಕೂಡಲೇ ಬೇಡ. ಸೋಮವಾರ ನಾನೇ ಹೇಳುತ್ತೇನೆ" ಎಂದರು. ನಿಜ ಹೇಳಬೇಕೆಂದರೆ ಅವನಿಗೂ ಅದೇ ಹಿತವೆನಿಸಿತು. ಹೊಗಳಿಸಿಕೊಂಡ ಗಳಿಗೆಯಲ್ಲಿ ಹುಳುಕು ತೋರಿಸಲು ಯಾರಿಗೆ ಮನಸ್ಸು ಬರುತ್ತದೆ?

ಭಾನುವಾರ ಅವನನ್ನು ಬಸ್ಸಿನಲ್ಲಿ ಕಾಪುವಿಗೆ ಮೀನು ತರಲು ಕಳುಹಿಸಿದರು. ಮರಳಿ ಬಂದಾಗ ಅಂಗಳದಲ್ಲಿ ಕಾರು ಇರಲಿಲ್ಲ. ಬೆಂಜಮಿನ್ ತಾವೇ ಹೆಂಡತಿಯನ್ನು ಕೂರಿಸಿಕೊಂಡು ಕಾರ್ಕಳದ ತಂಗಿಯ ಮನೆಗೆ ಹೊರಟುಬಿಟ್ಟಿದ್ದರು. ಬೆಳಿಗ್ಗೆ ಅವನು ತುಂಬಿಸಿಟ್ಟ ಕ್ಯಾನು ಬಾವಿಕಟ್ಟೆಯ ಮೇಲೆಯೇ ಕುಳಿತಿತ್ತು.

ಮಣಿಪಾಲ ಬಂದಾಗ ಇಲ್ಲಿ ನಿಲ್ಲಿಸಬೇಕು ಎಂಬುದು ಪ್ರೆಸಿಲ್ಲಾರಿಗೆ ಗೊತ್ತಿತ್ತು. ನಿಲ್ಲಿಸಿ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ತಿಂಗಳ ಗುಟ್ಟು ಹೊರಬೀಳುತ್ತದೆ. ಇವತ್ತೊಂದು ದಿನ ಹೇಗೂ ಮುಟ್ಟುತ್ತದೆ ಎಂದುಕೊಂಡಿರಬೇಕು. ಕಾರ್ಕಳಕ್ಕೆ ಇನ್ನೂ ದೂರವಿದ್ದಾಗಲೇ ಬಾನೆಟ್ಟಿನಿಂದ ಹೊಗೆ ಎದ್ದು ಕಾರು ನಿಂತಿತು.

ಮರುದಿನ ಉಮಾನಾಥ ಎಂಜಿನ್ ಬಿಚ್ಚಿದ. ಹೆಡ್ ಬಿರುಕು ಬಿಟ್ಟಿತ್ತು, ಪಿಸ್ಟನ್‌ಗಳು ಕಚ್ಚಿಕೊಂಡಿದ್ದವು. "ನಲವತ್ತು ಸಾವಿರಕ್ಕೆ ಕಡಿಮೆ ಇಲ್ಲ ಸರ್. ಪಂಪು ಸೋರಿ ಹೀಗೆ ಆದದ್ದು. ತಿಂಗಳ ಹಿಂದೆಯೇ ನಿಮ್ಮ ಡ್ರೈವರನಿಗೆ ಹೇಳಿದ್ದೆ" ಎಂದ. ಅವನು ಸುಳ್ಳು ಹೇಳಲಿಲ್ಲ, ಪಾಪ.

ಬೆಂಜಮಿನ್ ಹುಸೇನಪ್ಪನ ಕಡೆ ತಿರುಗಿದರು. "ಎಂತ ಹುಸೇನಪ್ಪ, ಗೊತ್ತಿದ್ದೂ ಹೇಳಲಿಲ್ಲವಾ?"

"ಅಮ್ಮಾರಿಗೆ ಹೇಳಿದ್ನಿರಿ ಸಾಹೇಬ್ರ."

ಪ್ರೆಸಿಲ್ಲಾ ಕೈಚೀಲದ ಜಿಪ್ಪು ಎಳೆಯುತ್ತ ನೆಲ ನೋಡಿದರು. "ಏನೋ ನೀರು ಹಾಕಬೇಕು ಅಂತ ಹೇಳಿದ್ದ. ಪಂಪು ಗಿಂಪು ಎಲ್ಲ ನನಗೆ ಎಂತ ಗೊತ್ತಾಗುತ್ತದೆ?"

ಅಷ್ಟೇ ಸಾಕಾಯಿತು. "ಒಂದು ಕಾರು ನೋಡಿಕೊಳ್ಳಲು ಆಗದವನನ್ನು ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಕರೆದುಕೊಂಡು ಹೋಗಲಿ?" ಎಂದು ಬೆಂಜಮಿನ್ ಪಾಸ್‌ಪೋರ್ಟನ್ನು ಅವನ ಕೈಗೆ ಮರಳಿಸಿದರು. ವೀಸಾ ನೆರೆಮನೆಯ ರೋನಿಗೆ ಹೋಯಿತು. ಹುಸೇನಪ್ಪನ ಹೊಟ್ಟೆ ಉರಿಯಿತು. ತಿಂಗಳಿಡೀ ನೀರು ಹೊತ್ತವನು ಅವನು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದದ್ದು ಒಂದು ಹೆಂಗಸಿನ ಬಾಯಿಂದ. ಒಂದು ಮಾತು ಮೊದಲೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ವಾರವಿಡೀ ಶಪಿಸಿದ.

ಶುಕ್ರವಾರ ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿದ. ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು ಎಂದೇ ಹೋದವನು. ರತ್ನವ್ವ ಏದುಸಿರು ಬಿಡುತ್ತ ಬಂದಳು.

"ಯಾವಾಗ ಹೊಂಟ್ರಿ? ಓಣ್ಯಾಗ ಎಲ್ಲಾರೂ ಕೇಳಾಕತ್ತಾರ."

ಬೂತಿನ ಗಾಜಿನೊಳಗೆ ಬಿಲ್ಲಿನ ಕೆಂಪು ಅಂಕಿಗಳು ಓಡುತ್ತಿದ್ದವು.

"ಇನ್ನೊಂದ್ ತಿಂಗಳು ತಡ ಆಕ್ಕೈತಿ, ಅಷ್ಟ. ಇಲ್ಲೆ ಎಲ್ಲಾ ಚಲೋ ಐತಿ" ಎಂದ.

ರತ್ನವ್ವ ನಂಬಿದಳು.